ಮೇವಿನ ಬೆಟ್ಟ

ಕಾರ್ಕಳದಲ್ಲಿ 1432ರಲ್ಲಿ ಸ್ಥಾಪಿತನಾದ ಗೊಮ್ಮಟನ ಬೆಟ್ಟದ ಮೇಲೆ ನಿಂತು ಮೂಡಣ ದಿಕ್ಕಿಗೆ ಕಣ್ಣು ಹಾಯಿಸಿದರೆ, ಆಕಾಶದ ಅಂಚಿನಲ್ಲಿ ಪಶ್ಚಿಮಘಟ್ಟದ ನೀಲಿಯ ಸಾಲು ಗೋಡೆಯಂತೆ ಎದ್ದು ನಿಂತಿರುವುದು ಕಾಣುತ್ತದೆ. ಆ ಸಾಲಿಗೆ ಸೇರಿದ ಹಿರಿಯ ಶಿಖರಗಳಲ್ಲಿ ಒಂದು ಕುದುರೆಮುಖ. ಅದರ ಎತ್ತರ ಸುಮಾರು 1894 ಮೀಟರು. ಸಂಸೆ ಎಂಬ ಹಳ್ಳಿಯ ಕಡೆಯಿಂದ ಏರಬೇಕಾಗಿದ್ದುದರಿಂದ ಅದಕ್ಕೆ ಸಂಸೆಪರ್ವತವೆಂಬ ಹೆಸರೂ ಇತ್ತು. ಪಡುಗಡಲಿನಲ್ಲಿ ಹಾಯಿಹಡಗು ನಡೆಸುತ್ತಿದ್ದ ನಾವಿಕರಿಗೆ ಆ ಶಿಖರ ಕುದುರೆಯ ಮುಖದಂತೆ ತೋರುತ್ತಿತ್ತೆಂದೂ ಅದರಿಂದಲೇ ಈ ಹೆಸರು ಬಂದಿತೆಂದೂ ಹೇಳುತ್ತಾರೆ.

ಈ ಬೆಟ್ಟಗಳ ನೆತ್ತಿ ದಟ್ಟವಾದ ಕಾಡಲ್ಲ, ಹಸುರು ಹುಲ್ಲು. ಕಣಿವೆಯ ಮಡಿಲಿನಲ್ಲಿ ಮಾತ್ರ ಶೋಲೆಯೆಂಬ ಕಾಡು, ಅದರ ಮೇಲೆಲ್ಲ ಗಾಳಿಗೆ ಅಲೆಯಾಡುವ ಹುಲ್ಲುಗಾವಲು. ಕುದುರೆಯ ಹೆಸರನ್ನು ಹೊತ್ತು, ಮೈತುಂಬ ಹುಲ್ಲನ್ನು ಹೊದೆದು ನಿಂತ ಬೆಟ್ಟದಲ್ಲಿ ಕುದುರೆಗಳ ಮಂದೆ ಮೇಯುತ್ತಿರಬೇಕೆಂದು ಯಾರಿಗಾದರೂ ತೋರಬಹುದು. ಮಂಗೋಲಿಯದಲ್ಲಿ, ಕಿರ್ಗಿಜ್ ನಾಡಿನಲ್ಲಿ, ಕಜಾಕರ ಹುಲ್ಲುಬಯಲುಗಳಲ್ಲಿ ಕುದುರೆಗಳನ್ನು ಲಾಯದಲ್ಲಿ ಕಟ್ಟಿ ಸಾಕುವುದು ಅಪರೂಪ. ಅವು ಮಂದೆಮಂದೆಯಾಗಿ ಬೆಟ್ಟದಲ್ಲಿ ಅಲೆಯುತ್ತವೆ. ಚಳಿಗಾಲದಲ್ಲಿ ಗೊರಸಿನಿಂದ ಹಿಮವನ್ನು ಕೆರೆದು ಅಡಿಯ ಹುಲ್ಲನ್ನು ತಿಂದು ಬದುಕುತ್ತವೆ. ಆದರೆ ಉಡುಪಿ, ಕಾಪು, ಕಾರ್ಕಳದ ಸೀಮೆಯಲ್ಲಿ ಹಾಗೆ ಮೇಯುವ ಕುದುರೆಯನ್ನು ಕಂಡವರಿಲ್ಲ. ಇಲ್ಲಿ ಹಳ್ಳಿಯ ಜನ ಕಂಡ ಕುದುರೆ ಹೆಚ್ಚಾಗಿ ದೈವಸ್ಥಾನದೊಳಗೆ ನಿಂತ ಮರದ ಕುದುರೆ. ಅದಕ್ಕೆ ಮೇವು ಬೇಡ.

ಹಾಗೆಂದು ಈ ಕರಾವಳಿಗೆ ಜೀವಂತ ಕುದುರೆಯ ಪರಿಚಯವೇ ಇರಲಿಲ್ಲವೆಂದಲ್ಲ. ಅರಬ್ಬೀ ನಾಡಿನ ಕುದುರೆಗಳು ಶತಮಾನಗಳ ಕಾಲ ಭಟಕಳ, ಹೊನ್ನಾವರ ಮೊದಲಾದ ರೇವುಗಳಲ್ಲಿ ಇಳಿದು ಘಟ್ಟ ಹತ್ತಿ ಹೋದವು. ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಹದಿನಾರನೆಯ ಶತಮಾನದಲ್ಲಿ ಬರೆದಿಟ್ಟ ವೃತ್ತಾಂತದಂತೆ, ವಿಜಯನಗರದ ಅರಸನು ಓರ್ಮಜಿನ ಕುದುರೆಗಳನ್ನೂ ನಾಡಕುದುರೆಗಳನ್ನೂ ಸೇರಿಸಿ ವರ್ಷಕ್ಕೆ 13,000 ಕುದುರೆಗಳನ್ನು ಕೊಳ್ಳುತ್ತಿದ್ದನು. ಪ್ರತಿವರ್ಷವೂ ಇಷ್ಟೊಂದನ್ನು ಕೊಳ್ಳಬೇಕಾಗಿದ್ದಿತೆಂದರೆ, ಬಂದವು ಬೇಗ ಸಾಯುತ್ತಿದ್ದವು, ಇಲ್ಲಿಯೇ ಹುಟ್ಟಿದವು ಸಾಲುತ್ತಿರಲಿಲ್ಲ ಎಂದು ಊಹಿಸಬಹುದು. ಅದಕ್ಕೂ ಹಿಂದೆ, ಹದಿಮೂರನೆಯ ಶತಮಾನದಲ್ಲಿ, ತಮಿಳು ಕರಾವಳಿಯನ್ನು ಕಂಡ ಮಾರ್ಕೋ ಪೋಲೋ ಆ ಸೀಮೆಯಲ್ಲಿ ಉತ್ತಮ ಕುದುರೆಗೆ ಹುಟ್ಟಿದ ಮರಿಯೂ ಕೆಲಸಕ್ಕೆ ಬಾರದ್ದಾಗುತ್ತದೆಂದು ಬರೆದಿದ್ದಾನೆ. ಕುದುರೆಯ ಸಾಕಣೆಗೆ ಕನ್ನಡ ನಾಡಿನಲ್ಲಿ ಹೆಸರಾದ ಸ್ಥಳ ಕುಣಿಗಲ್ಲು. ಅದು ಮಳೆ ಮಿತವಾದ ಬಯಲುಸೀಮೆಯ ಊರು, ಕರಾವಳಿಯದಲ್ಲ.

ಇದಕ್ಕೆ ಕಾರಣವೇನು? ಹುಲ್ಲು ಇದ್ದಮಾತ್ರಕ್ಕೆ ಎಲ್ಲ ಪ್ರಾಣಿಗಳಿಗೂ ಅದು ಮೇವಾಗುವುದಿಲ್ಲ. ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರು ಮಳೆ ಬೀಳುತ್ತದೆ. ಘಟ್ಟದ ಬುಡಕ್ಕೆ ಹೋದಂತೆ ಅದು ಇನ್ನೂ ಹೆಚ್ಚು. ಅದರ ಬಹುಭಾಗ ಜೂನ್ ತಿಂಗಳಿನಿಂದ ಸೆಪ್ಟೆಂಬರದವರೆಗಿನ ನಾಲ್ಕೇ ತಿಂಗಳಲ್ಲಿ ಸುರಿಯುತ್ತದೆ. ಒಣನೆಲದಲ್ಲಿ ಓಡಲು ಹುಟ್ಟಿದ ಕುದುರೆಯ ಗೊರಸು ತಿಂಗಳುಗಟ್ಟಲೆ ಕೆಸರಿನಲ್ಲಿ ನೆನೆದರೆ ಮೆತ್ತಗಾಗಿ ಕೊಳೆಯುತ್ತದೆ. ಇದು ಮೊದಲನೆಯ ಕಾರಣ.

ಎರಡನೆಯದು ಹೊಟ್ಟೆಯ ರಚನೆ. ಹಸು ಮೆಲುಕು ಹಾಕುವ ಪ್ರಾಣಿ. ನಾಲ್ಕು ಕೋಣೆಗಳ ಜಠರವುಳ್ಳ ಅದು ಹಗಲಿನ ಕೆಲವು ಗಂಟೆ ಅವಸರದಿಂದ ಮೇದು, ಬಳಿಕ ನೆರಳಿನಲ್ಲಿಯೋ ಹಟ್ಟಿಯಲ್ಲಿಯೋ ಮಲಗಿ ನಿಧಾನವಾಗಿ ಮೆಲುಕು ಹಾಕಬಲ್ಲುದು. ಕುದುರೆಗೆ ಆ ಶಕ್ತಿಯಿಲ್ಲ. ಅದು ಬಯಲಿನಲ್ಲಿ ಬದುಕಬೇಕಾದರೆ ದಿನದ 24 ಗಂಟೆಗಳಲ್ಲಿ ಸುಮಾರು 16 ಗಂಟೆ ಮೇಯುತ್ತಲೇ ಇರಬೇಕು. ಅದಕ್ಕೆ ವಿಶಾಲವಾದ ಹುಲ್ಲುಬಯಲು ಬೇಕು. ಗದ್ದೆ, ತೋಟ, ಕಾಡುಗಳ ನಡುವೆ ತುಂಡುತುಂಡಾಗಿ ಹರಡಿದ ಮೇವಿನ ನೆಲ ಸಾಲದು.

ಮೂರನೆಯದು ರೋಗ. ಜೌಗು ನೆಲದ ಹತ್ತಿರ ಹೆಚ್ಚುವ ದೊಡ್ಡ ಕಚ್ಚುನೊಣಗಳು ‘ಸರ್ರಾ’ ಎಂಬ ಜ್ವರವನ್ನು ಒಂದು ಪ್ರಾಣಿಯಿಂದ ಇನ್ನೊಂದಕ್ಕೆ ಹರಡುತ್ತವೆ. 1880ರಲ್ಲಿ ಗ್ರಿಫಿತ್ ಇವಾನ್ಸ್ ಎಂಬ ಪಶುವೈದ್ಯನು ಪಂಜಾಬಿನಲ್ಲಿ ಈ ರೋಗದ ಸೂಕ್ಷ್ಮಜೀವಿಯನ್ನು ಕುದುರೆ ಮತ್ತು ಒಂಟೆಗಳ ರಕ್ತದಲ್ಲಿ ಕಂಡುಹಿಡಿದನು. ದನಗಳು ಅನೇಕ ವೇಳೆ ಈ ರೋಗಾಣುವನ್ನು ಹೊತ್ತುಕೊಂಡೇ ಬದುಕುತ್ತವೆ. ಚಿಕಿತ್ಸೆಯಿಲ್ಲದ ಕುದುರೆ ಮಾತ್ರ ಅದಕ್ಕೆ ಬಲಿಯಾಗುತ್ತದೆ.

ಕುದುರೆಗೆ ಒಗ್ಗದ ಈ ನೆಲ ತನಗೆ ಒಗ್ಗುವ ಪ್ರಾಣಿಯೊಂದನ್ನು ತಾನೇ ರೂಪಿಸಿಕೊಂಡಿತು. ಅದೇ ಮಲೆನಾಡು ಗಿಡ್ಡ. ಊರವರ ಬಾಯಲ್ಲಿ ಅದು ‘ಊರದನ’. ವರ್ಷವರ್ಷವೂ ಕರು ಹಾಕುವುದರಿಂದ ‘ವರ್ಷಗಂಧಿ’ ಎಂಬ ಚೆಲುವಾದ ಹೆಸರೂ ಅದಕ್ಕುಂಟು. ಉತ್ತರ ಕನ್ನಡದಿಂದ ದಕ್ಷಿಣ ಕನ್ನಡದವರೆಗಿನ ಕರಾವಳಿಯಲ್ಲಿಯೂ ಶಿವಮೊಗ್ಗ, ಚಿಕ್ಕಮಗಳೂರು, ಕೊಡಗು ಮೊದಲಾದ ಮಲೆನಾಡಿನ ಜಿಲ್ಲೆಗಳಲ್ಲಿಯೂ ಈ ತಳಿ ಕಂಡುಬರುತ್ತದೆ. ಕಾಸರಗೋಡಿನ ಗಿಡ್ಡ ತಳಿ, ಕೇರಳದ ವೆಚ್ಚೂರು ತಳಿ ಇವು ಅದರ ದಾಯಾದಿಗಳೆನ್ನಬಹುದು. ಗಿಡ್ಡದ ಎತ್ತರ ಸುಮಾರು ಮೂರಡಿ. ತೂಕ ನೂರು ಕಿಲೋಗ್ರಾಮಿನ ಆಸುಪಾಸು. ಬಣ್ಣ ಹೆಚ್ಚಾಗಿ ಕಪ್ಪು. ಕಂದು, ಕೆಂಪು, ಬೂದು ಬಣ್ಣದವೂ ಇವೆ. ದಿನಕ್ಕೆ ಒಂದೆರಡು ಲೀಟರು ಹಾಲು ಕೊಟ್ಟರೆ ಅದೇ ಹೆಚ್ಚು.

ಹಾಲಿನ ಅಳತೆಯನ್ನು ನೋಡಿದವರು ಈ ದನವನ್ನು ಕಡೆಗಣಿಸುವುದು ಸಹಜ. ಆದರೆ ಅದು ತಿನ್ನುವುದೇನು, ಬೇಡುವುದೇನು ಎಂಬುದನ್ನೂ ಜತೆಗೆ ಲೆಕ್ಕಹಾಕಬೇಕು. ಅದಕ್ಕೆ ಹಿಂಡಿ ಬೇಕಿಲ್ಲ, ವೈದ್ಯನ ಅಗತ್ಯ ವಿರಳ. ಮೈ ಚಿಕ್ಕದಾದುದರಿಂದ ಕಡಮೆ ಮೇವಿನಲ್ಲಿ ಬದುಕುತ್ತದೆ. ಕಡಿದಾದ ಗುಡ್ಡವನ್ನು ಆಡಿನಂತೆ ಏರುತ್ತದೆ. ಗೊರಸು ಗಟ್ಟಿ, ಆಷಾಢದ ಮಳೆಯಲ್ಲಿ ಇಡಿಯ ಹಗಲು ನೆನೆದರೂ ಅದಕ್ಕೆ ಕೇಡಿಲ್ಲ. ಕಾಲುಬಾಯಿ ರೋಗ ಬಂದಾಗಲೂ ಮಿಶ್ರತಳಿಯ ಹಸುಗಳಷ್ಟು ಅದು ಬಳಲುವುದಿಲ್ಲ. ಈ ಗುಣಗಳನ್ನು ಯಾರೂ ಕುಳಿತು ಯೋಚಿಸಿ ತಳಿಯಲ್ಲಿ ತಂದುದಲ್ಲ. ನೂರಾರು ತಲೆಮಾರುಗಳ ಕಾಲ ಮಳೆ, ಬೆಟ್ಟ, ಒರಟು ಹುಲ್ಲುಗಳೇ ಆರಿಸಿ ಉಳಿಸಿದ ಗುಣಗಳಿವು.

ಈ ದನವನ್ನು ಸಾಕುವ ರೀತಿಯೂ ನೆಲಕ್ಕೆ ತಕ್ಕುದೇ ಆಗಿತ್ತು. ಕರಾವಳಿಯ ಊರುಗಳಲ್ಲಿ ಬಯಲಿನಲ್ಲಿ ಗದ್ದೆ, ಅದರ ಅಂಚಿನಲ್ಲಿ ಮನೆ ಮತ್ತು ತೋಟ, ಅದರ ಮೇಲೆ ಗುಡ್ಡ, ಗುಡ್ಡದ ನೆತ್ತಿಯಲ್ಲಿ ಮುರಕಲ್ಲಿನ ಬಟ್ಟಬಯಲು. ಈ ನೆತ್ತಿಯ ಬಯಲಿಗೆ ಪದವು ಎಂದು ಹೆಸರು. ಬೇಸಗೆಯಲ್ಲಿ ಪದವು ಕಾದ ಕಾವಲಿಯಂತೆ ಬರಡಾಗಿ ಕಾಣುತ್ತದೆ. ಮಳೆ ಬಿದ್ದ ಕೆಲವೇ ದಿನಗಳಲ್ಲಿ ಕಲ್ಲಿನ ಸಂದುಸಂದುಗಳಲ್ಲಿ ಹಸುರು ಚಿಗುರಿ, ಶ್ರಾವಣದ ಹೊತ್ತಿಗೆ ನೀಲಿ, ಬಿಳಿ ಹೂಗಳ ಹಾಸು ಹಾಸಿದಂತಾಗುತ್ತದೆ. ಮಳೆ ಹಿಂದೆ ಸರಿದ ಮೇಲೆ ಉದ್ದವಾಗಿ ಬೆಳೆದ ಮುಳಿಹುಲ್ಲನ್ನು ಕೊಯ್ದು ಜನರು ಮನೆಯ ಮಾಡಿಗೆ ಹೊದೆಸುತ್ತಿದ್ದರು.

ಬೆಳಗಾದೊಡನೆ ಹಾಲು ಕರೆದು ದನಗಳ ಕಣ್ಣಿ ಬಿಚ್ಚುವರು. ಮನೆಮನೆಯ ದನಗಳು ಓಣಿಯಲ್ಲಿ ಕೂಡಿಕೊಂಡು ಮಂದೆಯಾಗಿ ಪದವಿಗೆ ಏರುವುವು. ದಾರಿ ಬಲ್ಲ ಹಿರಿಯ ಹಸುವೊಂದು ಮುಂದೆ. ಅದರ ಕೊರಳಿನ ಗಂಟೆಯ ದನಿಯನ್ನು ಹಿಡಿದು ಉಳಿದವು ಹಿಂದೆ. ಹಗಲೆಲ್ಲ ಅವು ತಮಗೆ ಬೇಕಾದಲ್ಲಿ ಮೇದು, ಮುರಕಲ್ಲಿನ ಹೊಂಡದಲ್ಲಿ ನೀರು ಕುಡಿದು, ಗೋಧೂಳಿಯ ಹೊತ್ತಿಗೆ ತಾವಾಗಿಯೇ ಹಟ್ಟಿಗೆ ಮರಳುವುವು. ಗದ್ದೆಯಲ್ಲಿ ಪೈರು ಇರುವ ಮಳೆಗಾಲದಲ್ಲಿ ಮಂದೆಗೆ ಗುಡ್ಡವೇ ಗತಿ; ಕೊಯ್ಲು ಮುಗಿದ ಮೇಲೆ ಬಯಲಿನ ಕೂಳೆಯನ್ನು ಮೇಯುವ ಸ್ವಾತಂತ್ರ್ಯ. ಹೀಗೆ ವರ್ಷದ ಚಕ್ರದಲ್ಲಿ ದನ ಬೆಟ್ಟಕ್ಕೂ ಬಯಲಿಗೂ ಏರಿಳಿಯುತ್ತಿತ್ತು.

ಇದರ ಲಾಭ ಹಾಲಿನಲ್ಲಿ ಮಾತ್ರ ಇರಲಿಲ್ಲ. ರಾತ್ರಿ ಹಟ್ಟಿಯಲ್ಲಿ ಗುಡ್ಡದಿಂದ ತಂದ ಸೊಪ್ಪನ್ನು ಹಾಸುತ್ತಿದ್ದರು. ಸೆಗಣಿ, ಗಂಜಳಗಳಲ್ಲಿ ಬೆರೆತು ಕೊಳೆತ ಆ ಸೊಪ್ಪು ಗದ್ದೆಯ ಗೊಬ್ಬರವಾಗುತ್ತಿತ್ತು. ಕಡುಮಳೆಯಲ್ಲಿ ಗದ್ದೆಯ ಸಾರವೆಲ್ಲ ತೊಳೆದು ಸಮುದ್ರ ಸೇರುವ ಈ ಸೀಮೆಯಲ್ಲಿ, ವರ್ಷಕ್ಕೆ ಒಂದರ ಮೇಲೊಂದರಂತೆ ಏಣಿಲು, ಸುಗ್ಗಿ, ಕೊಳಕೆ ಎಂಬ ಬತ್ತದ ಬೆಳೆಗಳನ್ನು ತೆಗೆಯಲು ಸಾಧ್ಯವಾದುದು ಈ ಗೊಬ್ಬರದಿಂದ. ಮನುಷ್ಯ ತಿನ್ನಲಾರದ ಬೆಟ್ಟದ ಹುಲ್ಲನ್ನು ತಿಂದು, ಅದರ ಸಾರವನ್ನು ಪ್ರತಿಸಂಜೆಯೂ ಹೊತ್ತು ತಂದು ಬಯಲಿಗೆ ಇಳಿಸುವ ಕೆಲಸವನ್ನು ಈ ಪುಟ್ಟ ದನ ಮಾಡುತ್ತಿತ್ತು. ಅದಕ್ಕೆ ಕೂಲಿ ಕೇಳಲಿಲ್ಲ. ದೀಪಾವಳಿಯ ದಿನ ಅದರ ಕೊರಳಿಗೆ ಹೂಮಾಲೆ ಹಾಕಿ ಗೋಪೂಜೆ ಮಾಡುವಾಗ ರೈತನ ಮನದಲ್ಲಿ ಭಕ್ತಿಯ ಜತೆಗೆ ಈ ಋಣದ ಅರಿವೂ ಇರುತ್ತಿತ್ತು.

ಗುಡ್ಡವು ಒಬ್ಬನ ಸ್ವತ್ತಾಗಿದ್ದರೆ ಈ ವ್ಯವಸ್ಥೆ ನಡೆಯುತ್ತಿರಲಿಲ್ಲ. ಹಳೆಯ ದಕ್ಷಿಣ ಕನ್ನಡದಲ್ಲಿ ವರ್ಗದ ಜಮೀನಿನ ಅಂಚಿನಿಂದ ಸುಮಾರು 100 ಗಜದವರೆಗಿನ ಸರಕಾರೀ ಬಂಜರಿಗೆ ‘ಕುಮ್ಕಿ’ ಎಂದು ಹೆಸರು. ಅದರಲ್ಲಿ ಸೊಪ್ಪು ಕಡಿಯುವ, ದನ ಮೇಯಿಸುವ ಸೌಲಭ್ಯ ಜಮೀನಿನವನಿಗೆ ಇತ್ತು. ಮಾರುವ ಹಕ್ಕು ಇರಲಿಲ್ಲ. ಅದರಾಚೆಗೆ ಊರಿನ ಗೋಮಾಳ. ಜಮೀನಿಲ್ಲದ ಬಡವನ ಒಂದೆರಡು ದನಗಳಿಗೂ ಅಲ್ಲಿ ಬಾಯಿಹಾಕಲು ಹುಲ್ಲು ಸಿಗುತ್ತಿತ್ತು. ತನ್ನದೆಂದು ಹೇಳಿಕೊಳ್ಳಲು ಅಂಗೈಯಗಲ ನೆಲವಿಲ್ಲದವನ ಮಗುವಿಗೂ ಒಂದು ಲೋಟ ಹಾಲು ದೊರಕುತ್ತಿದ್ದುದು ಈ ಸಾಮಾನ್ಯ ನೆಲದಿಂದ.

ಆದರೆ ಗತಕಾಲವೆಲ್ಲ ಹೊನ್ನಿನ ಕಾಲವೆಂದು ಭಾವಿಸಬಾರದು. ಬಿಟ್ಟು ಮೇಯಿಸುವ ಪದ್ಧತಿಗೆ ತನ್ನದೇ ಆದ ಕಷ್ಟಗಳಿದ್ದವು. ಬೇಲಿ ಹಾರಿದ ದನ ನೆರೆಯವನ ಪೈರು ತಿಂದಾಗ ಜಗಳವೇಳುತ್ತಿತ್ತು. ದನವನ್ನು ಹಿಡಿದು ದೊಡ್ಡಿಗೆ ಹೊಡೆಯಲು 1871ರ ಕಾಯಿದೆಯೇ ಅವಕಾಶ ಕೊಟ್ಟಿತ್ತು. ಯಜಮಾನ ದಂಡ ತೆತ್ತು ಬಿಡಿಸಿಕೊಳ್ಳಬೇಕಾಗಿತ್ತು. ಘಟ್ಟದ ಬುಡದ ಮಾಳ, ಬಜಗೋಳಿಯಂತಹ ಊರುಗಳಲ್ಲಿ ಹುಲಿ, ಚಿರತೆಗಳ ಭಯ. ಎಲ್ಲಕ್ಕಿಂತ ಹೆಚ್ಚಿನ ಬೆಲೆಯನ್ನು ತೆತ್ತವನು ದನ ಕಾಯುವ ಹುಡುಗ. ಮಂದೆ ತಾನಾಗಿ ಮೇದು ಬರುತ್ತದೆಂದರೂ, ಪೈರಿನ ಕಾಲದಲ್ಲಿ ಅದರ ಹಿಂದೆ ಒಬ್ಬರು ಬೇಕೇ ಬೇಕು. ಆ ಕೆಲಸ ಸಾಮಾನ್ಯವಾಗಿ ಬಡವರ ಮನೆಯ ಎಂಟು-ಹತ್ತು ವರ್ಷದ ಮಗುವಿನ ಪಾಲಿಗೆ ಬರುತ್ತಿತ್ತು. ಓರಗೆಯ ಮಕ್ಕಳು ಸ್ಲೇಟು ಹಿಡಿದು ಶಾಲೆಗೆ ಹೋಗುವಾಗ ಆತ ಕೋಲು ಹಿಡಿದು ಪದವಿಗೆ ಹೋಗುತ್ತಿದ್ದ. ತಲೆಗೊಂದು ಗೊರಬೆ, ಊಟಕ್ಕೆ ಯಜಮಾನರ ಮನೆಯ ಗಂಜಿ. ಆತ ನೂರು ದನಗಳನ್ನು ಬಣ್ಣ, ಕೋಡು, ನಡಿಗೆಗಳಿಂದ ಗುರುತಿಸಬಲ್ಲವನಾಗಿದ್ದ. ತನ್ನ ಹೆಸರನ್ನು ಬರೆಯಬಲ್ಲವನಾಗಿರಲಿಲ್ಲ. ಆ ಮಗು ಕಡೆಗೆ ಶಾಲೆಯ ಮೆಟ್ಟಿಲೇರಿದುದು ನಾಡಿನ ಭಾಗ್ಯವೇ ಸರಿ. ಅದಕ್ಕಾಗಿ ಮಂದೆ ಕರಗಿತೆಂದು ಯಾರೂ ಮರುಗಬೇಕಾಗಿಲ್ಲ.

ಮಂದೆ ಕರಗಲು ಬೇರೆ ಕಾರಣಗಳೂ ಕೂಡಿಬಂದವು. 1974ರ ಭೂಸುಧಾರಣೆಯ ಬಳಿಕ ಗೇಣಿದಾರರು ಒಡೆಯರಾದರು. ಅನೇಕ ದೊಡ್ಡ ಹಿಡುವಳಿಗಳೂ ಅವುಗಳ ದೊಡ್ಡ ಹಟ್ಟಿಗಳೂ ಚಿಕ್ಕವಾದವು. ಗೊಬ್ಬರದ ಚೀಲ ಅಂಗಡಿಯಲ್ಲಿ ಸಿಗತೊಡಗಿತು. ಉಳಲು ಟಿಲ್ಲರು ಬಂದಿತು. 1970ರ ದಶಕದಲ್ಲಿ ಮಣಿಪಾಲದಲ್ಲಿ ಹಾಲಿನ ಒಕ್ಕೂಟ ಹುಟ್ಟಿ, ಹಳ್ಳಿಹಳ್ಳಿಗಳಲ್ಲಿ ಹಾಲಿನ ಸೊಸೈಟಿಗಳಾದ ಮೇಲೆ ಜೆರ್ಸಿ ಮತ್ತು ಹೋಲ್‌ಸ್ಟೀನ್ ಮಿಶ್ರತಳಿಗಳು ಮನೆಗೆ ಬಂದವು. ಅವು ಹತ್ತು ಲೀಟರು ಹಾಲು ಕೊಟ್ಟವು; ಹೆಂಗಸರ ಕೈಗೆ ವಾರವಾರವೂ ನಾಲ್ಕು ಕಾಸು ಬರುವಂತೆ ಮಾಡಿದವು. ಆದರೆ ಅವುಗಳನ್ನು ಗುಡ್ಡಕ್ಕೆ ಅಟ್ಟುವಂತಿಲ್ಲ. ಕಟ್ಟಿದಲ್ಲಿಗೇ ಮೇವನ್ನೂ ಹಿಂಡಿಯನ್ನೂ ಒದಗಿಸಬೇಕು.

ದನ ಏರದ ಗುಡ್ಡ ಬಹಳ ದಿನ ಬರಿದಾಗಿ ಉಳಿಯುವುದಿಲ್ಲ. ಮಣಿಪಾಲವೇ ಇದಕ್ಕೆ ನಿದರ್ಶನ. ಡಾ. ಟಿ.ಎಂ.ಎ. ಪೈಯವರು 1953ರಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನು ಆರಂಭಿಸಿದಾಗ ಅದು ಮುರಕಲ್ಲಿನ ಬೋಳುಗುಡ್ಡವಾಗಿತ್ತು. ಇಂದು ಅಲ್ಲಿ ಆಸ್ಪತ್ರೆ, ವಿದ್ಯಾಲಯಗಳ ನಗರವಿದೆ. ಅಸಂಖ್ಯ ರೋಗಿಗಳಿಗೆ ಪ್ರಾಣ ಕೊಟ್ಟ ಆ ಪರಿವರ್ತನೆಯನ್ನು ನಷ್ಟವೆನ್ನಲಾಗದು. ಆದರೆ ಪ್ರತಿಯೊಂದು ಪದವೂ ಆಸ್ಪತ್ರೆಯಾಗಲಿಲ್ಲ. ಎಷ್ಟೋ ಕಡೆ ಮುರಕಲ್ಲನ್ನು ಕಡಿದೊಯ್ದು ಆಳವಾದ ಹೊಂಡ ಉಳಿಯಿತು. ಎಷ್ಟೋ ಕಡೆ ಸಾಲುಸಾಲಾಗಿ ಅಕೇಶಿಯಾ ನೆಟ್ಟರು. ಅದರ ತರಗೆಲೆಯ ಹಾಸಿನ ಕೆಳಗೆ ಹುಲ್ಲು ಏಳುವುದು ಕಷ್ಟ. ಅದರ ಎಲೆಗೆ ದನ ಬಾಯಿಡುವುದೂ ಅಪರೂಪ. ಪದವು ‘ಪಾಳುನೆಲ’ವೆಂದು ಕಾಗದದಲ್ಲಿ ಬರೆದವನಿಗೆ ಶ್ರಾವಣದ ಹುಲ್ಲು ಕಾಣಿಸಲಿಲ್ಲ.

ಘಟ್ಟದ ಮೇಲಣ ಹುಲ್ಲಿನ ಕತೆಯೂ ಇದಕ್ಕೆ ದೂರವಲ್ಲ. 1976ರಲ್ಲಿ ಸ್ಥಾಪಿತವಾದ ಕಂಪೆನಿಯೊಂದು ಕುದುರೆಮುಖದ ಹುಲ್ಲುಬೆಟ್ಟಗಳನ್ನು ಅಗೆದು, ಕಬ್ಬಿಣದ ಅದಿರನ್ನು ರಾಡಿಯಾಗಿ ಕರಗಿಸಿ, ಕೊಳವೆಯ ಮೂಲಕ ಮಂಗಳೂರಿಗೆ ಸಾಗಿಸಿತು. 1987ರಲ್ಲಿ ಆ ಪ್ರದೇಶವನ್ನು ರಾಷ್ಟ್ರೀಯ ಉದ್ಯಾನವೆಂದು ಘೋಷಿಸಲಾಯಿತು. ಸರ್ವೋಚ್ಚ ನ್ಯಾಯಾಲಯದ 2002ರ ತೀರ್ಪಿನಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ತುಂಗೆ, ಭದ್ರೆಯರು ಹುಟ್ಟುವುದು ಈ ಬೆಟ್ಟಗಳಲ್ಲಿ. ಮಳೆಯ ನೀರನ್ನು ಹೀರಿ, ಹಿಡಿದಿಟ್ಟು, ಬೇಸಗೆಯಲ್ಲಿ ಹನಿಹನಿಯಾಗಿ ಹೊಳೆಗೆ ಬಿಡುವುದು ಈ ಹುಲ್ಲಿನ ಮತ್ತು ಶೋಲೆಯ ಬೇರುಗಳು. ರಾಷ್ಟ್ರೀಯ ಉದ್ಯಾನದೊಳಗೆ ದನ ಮೇಯಿಸಲು ಕಾಯಿದೆಯ ಅನುಮತಿಯಿಲ್ಲ. ಆದುದರಿಂದ ಊರದನಕ್ಕೆ ಉಳಿದಿರುವ ಆಸರೆ ಕೆಳಗಿನ ಗುಡ್ಡ, ಪದವು, ಗೋಮಾಳಗಳೇ. ಅವುಗಳ ಬೆಲೆ ಇದರಿಂದ ಇನ್ನೂ ಹೆಚ್ಚಿದೆ.

ದೇಶದ ಇನ್ನೊಂದು ಮೂಲೆಯಿಂದ ಬರುವ ಸಮಾಚಾರ ಈ ವಿಷಯವನ್ನು ಸ್ಪಷ್ಟಪಡಿಸುತ್ತದೆ. ಪೋಲೋ ಆಟಕ್ಕೆ ತವರೆನಿಸಿದ ಮಣಿಪುರದಲ್ಲಿ ಪುಟ್ಟ ಕುದುರೆಯ ತಳಿಯೊಂದಿದೆ. ಅದೂ ಗಿಡ್ಡದಂತೆಯೇ ಬಿಟ್ಟು ಮೇಯುವ ಪ್ರಾಣಿ. ಹುಲ್ಲುಗಾವಲಿನಲ್ಲಿಯೂ ಜೌಗಿನಲ್ಲಿಯೂ ತಾನಾಗಿ ಹೊಟ್ಟೆ ತುಂಬಿಸಿಕೊಳ್ಳುತ್ತಿತ್ತು. ಊರು ಬೆಳೆದು, ಮೇವಿನ ನೆಲ ಕಿರಿದಾಗಿ, ಕುದುರೆಗಳು ಬೀದಿಗೆ ಬಂದವು, ಸಂಖ್ಯೆ ಕುಸಿಯಿತು. ಅಲ್ಲಿಯ ಸರಕಾರ 2016ರಲ್ಲಿ ಈ ಕುದುರೆಯ ಸಂರಕ್ಷಣೆಗಾಗಿಯೇ ಒಂದು ನೀತಿಯನ್ನು ರೂಪಿಸಬೇಕಾಯಿತು. ಪ್ರಾಣಿ ಯಾವುದೇ ಇರಲಿ, ಕುದುರೆಯೋ ದನವೋ, ಬಯಲಿನಲ್ಲಿ ಬೆಳೆದ ತಳಿಗೆ ಬಯಲು ಹೋದರೆ ಬಾಳು ಹೋಯಿತು.

ಮಲೆನಾಡು ಗಿಡ್ಡವನ್ನು ಕರ್ನಾಲದಲ್ಲಿರುವ ರಾಷ್ಟ್ರೀಯ ಸಂಸ್ಥೆ ದೇಶದ ಮಾನ್ಯ ತಳಿಗಳ ಪಟ್ಟಿಗೆ ಸೇರಿಸಿದೆ. ಇದು ಸಂತೋಷದ ಸಂಗತಿ. ಆದರೆ ಪಟ್ಟಿಯಲ್ಲಿ ಉಳಿಯುವುದು ಹೆಸರು ಮಾತ್ರ. ಗಿಡ್ಡವನ್ನು ತಂದು ಕೊಟ್ಟಿಗೆಯಲ್ಲಿ ಕಟ್ಟಿ, ಹಿಂಡಿ ತಿನ್ನಿಸಿ ಸಾಕಿದರೆ ಅದರ ಬಣ್ಣ, ಎತ್ತರಗಳು ಕೆಲವು ತಲೆಮಾರು ಹಾಗೆಯೇ ಇರಬಹುದು. ಬೆಟ್ಟವೇರುವ ಕಾಲು, ಮಳೆಗೆ ಜಗ್ಗದ ಗೊರಸು, ಒರಟು ಹುಲ್ಲಿನಿಂದ ಬದುಕು ಕಟ್ಟಿಕೊಳ್ಳುವ ಹೊಟ್ಟೆ ಹಾಗೆಯೇ ಉಳಿಯುವುವೆಂಬ ಭರವಸೆಯಿಲ್ಲ. ಆ ಗುಣಗಳನ್ನು ಆರಿಸಿದವನು ಗುಡ್ಡ. ಪರೀಕ್ಷಕನಿಲ್ಲದಿದ್ದಲ್ಲಿ ಪರೀಕ್ಷೆ ನಡೆಯದು.

ಎಲ್ಲ ಮನೆಗಳೂ ಮತ್ತೆ ಹತ್ತಾರು ದನಗಳನ್ನು ಸಾಕಬೇಕೆಂದೋ, ಮಕ್ಕಳು ಪುಸ್ತಕ ಬಿಟ್ಟು ಕೋಲು ಹಿಡಿಯಬೇಕೆಂದೋ ಇದರ ಅರ್ಥವಲ್ಲ. ಊರಿಗೊಂದು ಪದವನ್ನಾದರೂ ಹೊಂಡ ಮಾಡದೆ, ಬೇಲಿ ಹಾಕದೆ, ಹುಲ್ಲಿಗಾಗಿ ಬಿಡುವುದು ಅಸಾಧ್ಯವೇನೂ ಅಲ್ಲ. ಮಂದೆಯ ಹಿಂದೆ ಮಗುವಿನ ಬದಲು ಸಂಬಳ ಪಡೆಯುವ ವಯಸ್ಕನೊಬ್ಬ ಹೋಗಬಹುದು. ಆ ಸಂಬಳವನ್ನು ಹತ್ತು ಮನೆಗಳು ಹಂಚಿಕೊಳ್ಳಬಹುದು. ಮಿಶ್ರತಳಿಯ ಹಸುವಿನ ಪಕ್ಕದಲ್ಲಿ ಒಂದೆರಡು ಊರದನಗಳಿಗೂ ಎಡೆಯಿರಬಹುದು. ಹಳೆಯ ಪದ್ಧತಿಯ ಅನ್ಯಾಯವನ್ನು ಕಳೆದು ಅದರ ವಿವೇಕವನ್ನು ಉಳಿಸಿಕೊಳ್ಳುವುದು ಕಷ್ಟದ ಕೆಲಸ. ಆದರೆ ಮಾಡಲು ತಕ್ಕ ಕೆಲಸ.

ಹಾಲಿನ ಚೆಂಬನ್ನು ಮಾತ್ರ ನೋಡುವವನಿಗೆ ಗಿಡ್ಡ ದನ ಕಿರಿದು. ಬೆಟ್ಟ, ಬಯಲು, ಹಟ್ಟಿ, ಗದ್ದೆ ಇವುಗಳನ್ನೆಲ್ಲ ತನ್ನ ನಾಲ್ಕು ಪುಟ್ಟ ಗೊರಸುಗಳಿಂದ ಹೊಲಿದು ಒಂದಾಗಿಸಿದ ಜೀವವೆಂದು ನೋಡುವವನಿಗೆ ಅದು ಹಿರಿದು. ಹುಲ್ಲನ್ನು ಉಳಿಸಿದ ಊರಿನಲ್ಲಿ ಹಸುವೂ ಉಳಿಯುತ್ತದೆ, ಹೊಳೆಯೂ ಉಳಿಯುತ್ತದೆ.

ಅಭ್ಯಾಸ

1. ಕುದುರೆಮುಖಕ್ಕೆ ಆ ಹೆಸರು ಬಂದ ಬಗೆಯನ್ನು ತಿಳಿಸಿರಿ.
2. ಕರಾವಳಿಯ ನೆಲ ಕುದುರೆಗೆ ಒಗ್ಗದಿರಲು ಲೇಖಕರು ಕೊಡುವ ಮೂರು ಕಾರಣಗಳಾವುವು?
3. ‘ಬೆಟ್ಟದ ಸಾರವನ್ನು ದನ ಬಯಲಿಗೆ ಇಳಿಸುತ್ತಿತ್ತು’ – ಈ ಮಾತನ್ನು ವಿವರಿಸಿರಿ.
4. ದನ ಕಾಯುವ ಹುಡುಗ ತೆತ್ತ ಬೆಲೆ ಯಾವುದು? ಆ ಪದ್ಧತಿ ನಿಂತುದನ್ನು ಲೇಖಕರು ಹೇಗೆ ಕಾಣುತ್ತಾರೆ?
5. ‘ಪರೀಕ್ಷಕನಿಲ್ಲದಿದ್ದಲ್ಲಿ ಪರೀಕ್ಷೆ ನಡೆಯದು.’ ಸಂದರ್ಭದೊಡನೆ ವಿವರಿಸಿರಿ.
6. ನಿಮ್ಮ ಊರಿನಲ್ಲಿ ಹಿಂದೆ ಗೋಮಾಳವಾಗಿದ್ದ ಸ್ಥಳ ಈಗ ಹೇಗಿದೆ? ಹಿರಿಯರನ್ನು ಕೇಳಿ ತಿಳಿದು ಒಂದು ಪುಟದಷ್ಟು ಬರೆಯಿರಿ.